ತೆರಪಿಲ್ಲದ ಬಾಯಿಗೆ ಥೆರಪಿ

ಕಪಲ್ಸ್ ಥೆರಪಿಯಲ್ಲಿ ಫಸ್ಟ್ ರ‍್ಯಾಂಕ್ ಪಡೆದೇ ಕಾಪುವಿಗೆ ಮರಳುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಹಲ್ಲುಜ್ಜುತ್ತಿರುವಾಗ. ಹಾಗಾಗಿ ಅದರಲ್ಲಿ ನೊರೆಯೇ ಹೆಚ್ಚಿತ್ತು!

ಈಗ ಎಲ್ಲರ ಮೊಬೈಲಿನಲ್ಲೂ ಈ ಥೆರಪಿಯ ವಿಡಿಯೋಗಳೇ ತಾನೆ? ಸೋಫಾದ ಆ ತುದಿಯಲ್ಲಿ ಗಂಡ, ಈ ತುದಿಯಲ್ಲಿ ಹೆಂಡತಿ, ಎದುರಿಗೆ ತಲೆಯಾಡಿಸುವ ಥೆರಪಿಸ್ಟ್. ಅವರು ಏನು ಕೇಳುತ್ತಾರೆ, ಇವರು ಯಾಕೆ ಅಳುತ್ತಾರೆ ಎಂದು ನೋಡುವ ಚಟ ಊರಿಗೇ ಹತ್ತಿದೆ. ನನ್ನ ಹೆಂಡತಿ ಗುಣವತಿಗೂ ಹತ್ತಿತು. ಒಂದು ದಿನ ನೀರುದೋಸೆ ಬಡಿಸುತ್ತಾ, "ನಾವೂ ಒಮ್ಮೆ ಮಣಿಪಾಲಕ್ಕೆ ಹೋಗಿ ತೋರಿಸಿಕೊಂಡು ಬರುವನಾ?" ಎಂದಳು.

"ನಮಗೆ ಎಂತ ಆಗಿದೆ ಮಾರಾಯ್ತಿ?"

"ಅದನ್ನೇ ಕೇಳಿ ಬರುವ."

ನಾನು ಮುದ್ದಣ್ಣ. ಬಹಳ ವರ್ಷ ಮಸ್ಕತ್‌ನಲ್ಲಿ ದುಡಿದು, ನಮ್ಮೂರು ಕಾಪುವಿಗೆ ಮರಳಿ, ಪಕ್ಕದ ಕಟಪಾಡಿಯಲ್ಲಿ ಪೈಂಟ್ ಅಂಗಡಿ ಇಟ್ಟವನು. ಗೋಡೆಯ ಬಿರುಕಿಗೂ ಸಂಸಾರದ ಬಿರುಕಿಗೂ ಪುಟ್ಟಿ ಹಚ್ಚುವುದರಲ್ಲಿ ನಿಸ್ಸೀಮ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದೆ. ನೆಂಟರಲ್ಲಿ ಗಂಡ ಹೆಂಡತಿ ಜಗಳವೆಂದರೆ ಕರೆಯದೆಯೇ ಹೋಗಿ ರಾಜಿ ಮಾಡಿಸುವ ಮಹಾನುಭಾವ! ಇಂಥವನಿಗೆ ಥೆರಪಿಸ್ಟ್ ಸರ್ಟಿಫಿಕೇಟ್ ಕೊಡದೆ ಇರುತ್ತಾರೆಯೇ? ಹೊರಟೆ.

ಮಣಿಪಾಲದಲ್ಲಿ ಲೀನಾ ಮೇಡಂ ಎಂಬ ಥೆರಪಿಸ್ಟ್ ನಗುಮುಖದಿಂದ ನಮ್ಮನ್ನು ಕೂರಿಸಿ ಶುರು ಮಾಡಿದರು.

"ಗುಣವತಿಯವರೇ, ಹೇಗಿದ್ದೀರಿ?"

"ಚೆನ್ನಾಗಿದ್ದಾಳೆ," ಎಂದೆ ನಾನು.

"ಇಲ್ಲಿಗೆ ಬರಬೇಕು ಅಂತ ನಿಮಗೆ ಯಾಕೆ ಅನ್ನಿಸಿತು, ಗುಣವತಿ?"

"ಮೊಬೈಲ್ ನೋಡಿ ಮೇಡಂ," ಎಂದೆ.

"ನೀರು ಬೇಕಾ, ಗುಣವತಿ?"

"ಅವಳಿಗೆ ಬಾಯಾರಿಕೆ ಇಲ್ಲ," ಎಂದೆ. ಗುಣವತಿ ಲೋಟ ಎತ್ತಿ ಗಟಗಟನೆ ಕುಡಿದಳು.

ಇನ್ನು ತಡೆಯಲಾಗಲಿಲ್ಲ. "ಮೇಡಂ, ತೀರ್ಪು ಹೇಳಿಬಿಡಿ. ತಪ್ಪು ಯಾರದು?"

"ನಾನು ಜಡ್ಜ್ ಅಲ್ಲ ಸರ್. ಇಲ್ಲಿ ಯಾರೂ ಗೆಲ್ಲುವುದಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಹಾಗೆ ಮಾಡುವುದು, ಅಷ್ಟೇ ನನ್ನ ಕೆಲಸ."

ರ‍್ಯಾಂಕ್ ಇಲ್ಲ! ಬದಲಿಗೆ ಹೋಮ್‌ವರ್ಕ್! ದಿನಾ ಸಂಜೆ ಗುಣವತಿ ಮಾತಾಡಬೇಕು, ನಾನು ನಡುವೆ ಬಾಯಿ ಹಾಕಬಾರದು. ಅವಳು ಮುಗಿಸಿದ ಮೇಲೆ ಅವಳ ಮಾತನ್ನೇ ನಾನು ತಿರುಗಿ ಹೇಳಿ, 'ಸರಿಯಾಗಿ ಕೇಳಿಸಿಕೊಂಡೆನಾ?' ಎಂದು ಕೇಳಬೇಕು. ಆಮೇಲೆ ಸರದಿ ಬದಲು.

"ಅಂದರೆ ಥೆರಪಿ ಎಂದರೆ ಇನ್ನೊಬ್ಬರ ಮಾತಿಗೆ ತೆರಪು ಕೊಡುವುದು!" ಎಂದು ನಾನು ಅಲ್ಲೇ ಒಂದು ಚಟಾಕಿ ಹಾರಿಸಿದೆ.

"ಈಗಲೂ ಕೊಡಲಿಲ್ಲ," ಎಂದಳು ಗುಣವತಿ.

ಸಂಜೆ ಜಗಲಿಯಲ್ಲಿ ಕುಳಿತೆವು. ಅವಳ ದನಿ ಮೆಲು. ನನ್ನದು ಮಲ್ಪೆ ಬಂದರಿನಲ್ಲಿ ಮೀನು ಹರಾಜು ಕೂಗಬಹುದಾದ ದನಿ.

"ನೀವು ಮಸ್ಕತ್‌ನಲ್ಲಿ ಇರುವಾಗಲೇ ನಾವು ಹತ್ತಿರ ಇದ್ದದ್ದು," ಎಂದಳು. "ವಾರಕ್ಕೊಂದು ಫೋನ್ ಬರ್ತಿತ್ತು. ನಾನು ಹೇಳಿದ್ದಕ್ಕೆಲ್ಲ ಹೂಂ, ಹೂಂ ಅಂತಿದ್ರಿ. ಈಗ ಒಂದೇ ಮನೆಯಲ್ಲಿ ಇದ್ದೇವೆ, ಲೈನ್ ಮಾತ್ರ ಸಿಗುವುದಿಲ್ಲ."

'ನಿನಗಾಗಿಯೇ ಅಲ್ವಾ ಊರಿಗೆ ಬಂದದ್ದು!' ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಬಂಗುಡೆ ಮೀನಿನ ಮುಳ್ಳಿನಂತೆ ಅದನ್ನು ಕಷ್ಟಪಟ್ಟು ನುಂಗಿ, ಪಾಠ ಒಪ್ಪಿಸಿದೆ: "ನಾನು ಮಸ್ಕತ್‌ನಲ್ಲಿ ಇರುವಾಗಲೇ ನಾವು ಹತ್ತಿರ ಇದ್ದದ್ದು! ಈಗ ಒಂದೇ ಮನೆಯಲ್ಲಿದ್ದೂ ಲೈನ್ ಸಿಗುವುದಿಲ್ಲ! ಸರಿಯಾಗಿ ಕೇಳಿಸಿಕೊಂಡೆನಾ?"

"ಹೂಂ," ಎಂದು ಗುಣವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಸಣ್ಣ ಮಾತನ್ನು ಇವಳು ಎಷ್ಟು ಕಾಲದಿಂದ ಹೊತ್ತುಕೊಂಡು ತಿರುಗುತ್ತಿದ್ದಳೋ! ಇಬ್ಬರೂ ಸುಮ್ಮನೆ ಕುಳಿತೆವು. ನಾನು ಸುಮ್ಮನೆ ಕುಳಿತದ್ದು! ನಂಬಿ.

ಆದರೆ ಪಕ್ಕದ ಮನೆಯ ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಪೊಲೋನಿಯಾ ಬಾಯಮ್ಮನಿಗೆ ಕೇಳಿಸಿದ್ದು ನನ್ನ ಗರ್ಜನೆ ಮಾತ್ರ, ಕಾಣಿಸಿದ್ದು ಗುಣವತಿಯ ಕಣ್ಣೀರು ಮಾತ್ರ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕಾರ್ಕಳದಲ್ಲಿರುವ ಗುಣವತಿಯ ತಮ್ಮ ಪ್ರವೀಣನಿಗೆ ಫೋನ್ ಮಾಡಿದರು. ಸುದ್ದಿ ಕಾರ್ಕಳ ಮುಟ್ಟುವಷ್ಟರಲ್ಲಿ ನಾನು ಹೆಂಡತಿಯನ್ನು ಬಿಟ್ಟು ಮಸ್ಕತ್‌ನ ವಿಮಾನ ಹತ್ತಲು ಹೊರಟೂ ಆಗಿತ್ತು!

ಮರುದಿನ ಬೆಳಿಗ್ಗೆ ಪ್ರವೀಣನ ಕಾರು ಅಂಗಳಕ್ಕೆ ನುಗ್ಗಿತು. ಜೊತೆಗೆ ಅವನ ಹೆಂಡತಿ ಭವ್ಯಶ್ರೀ. ಅವನದು ಕಲ್ಲುಕೋರೆಯ ವ್ಯವಹಾರ, ಮಾತೂ ಜಲ್ಲಿ ಸುರಿದಂತೆಯೇ.

"ಎಂತ ಬಾವ, ನಮ್ಮ ಅಕ್ಕ ಬೇಡ ಆದಳಾ ನಿಮಗೆ? ಊರಿಗೆಲ್ಲ ಬುದ್ಧಿ ಹೇಳುವವರಿಗೆ ಸ್ವಲ್ಪವೂ ನಾಚಿಕೆ ಇಲ್ವಾ?"

ಹಿಂದಿನ ವಾರವಾಗಿದ್ದರೆ ಅಂಗಳದಲ್ಲೇ ಕುರುಕ್ಷೇತ್ರ! ಆದರೆ ಬಾಗಿಲಲ್ಲಿ ನಿಂತ ಗುಣವತಿ ನನ್ನನ್ನೇ ನೋಡುತ್ತಿದ್ದಳು. ಉಸಿರೆಳೆದುಕೊಂಡೆ.

"ಅಕ್ಕ ನನಗೆ ಬೇಡ ಆದಳು ಅಂತ ನಿನಗೆ ಬೇಜಾರಾಗಿದೆ. ನನಗೆ ನಾಚಿಕೆ ಇಲ್ಲ. ಸರಿಯಾಗಿ ಕೇಳಿಸಿಕೊಂಡೆನಾ?"

"ತಮಾಷೆ ಮಾಡ್ತೀರಾ?"

"ನಾನು ತಮಾಷೆ ಮಾಡ್ತಿದ್ದೇನೆ ಅಂತ ನಿನಗೆ ಕಾಣ್ತಾ ಉಂಟು. ಸರಿಯಾಗಿ ಕೇಳಿಸಿ..."

"ಅಕ್ಕಾ! ಇವರಿಗೆ ಎಂತ ಆಗಿದೆ?" ಪ್ರವೀಣನ ದನಿಯಲ್ಲಿ ಈಗ ಕೋಪವಿರಲಿಲ್ಲ, ಗಾಬರಿಯಿತ್ತು.

ಗುಣವತಿ ಬಾಗಿಲು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಮಣಿಪಾಲದ ಕಥೆಯನ್ನೆಲ್ಲ ಹೇಳಿದಳು. "ಓ ದೇವಾ, ನಾನು ಅರ್ಧ ಮಾತ್ರ ಕೇಳಿದ್ದು!" ಎಂದು ಕಾಂಪೌಂಡಿನಾಚೆಯಿಂದ ಬಾಯಮ್ಮ ಹಣೆ ಚಚ್ಚಿಕೊಂಡರು.

ಅಲ್ಲಿಯವರೆಗೆ ಸುಮ್ಮನಿದ್ದ ಭವ್ಯಶ್ರೀ ಗಂಡನ ಕಡೆ ತಿರುಗಿದಳು. "ಬೈದರೂ ಕೇಳಿಸಿಕೊಳ್ಳುವ ಗಂಡಸರು ಇದ್ದಾರೆ, ನೋಡಿದ್ರಾ? ಅಕ್ಕಾ, ನನಗೂ ಒಂದು ಹೇಳಲಿಕ್ಕೆ ಉಂಟು."

"ಅವಳಿಗೆ ಹೇಳಲಿಕ್ಕೆ ಎಂತದೂ ಇಲ್ಲ," ಎಂದ ಪ್ರವೀಣ.

ಎಲ್ಲರೂ ಅವನನ್ನೇ ನೋಡಿದೆವು. ಅವನು ತನ್ನ ಚಪ್ಪಲಿ ನೋಡಿಕೊಂಡ.

ಚಹಾ ಆದ ಮೇಲೆ ಒಳಗೆ ನಾದಿನಿ ಅತ್ತಿಗೆಯರ ಮಾತು ನಗು ನಡೆದಿತ್ತು. ಪ್ರವೀಣ ನನ್ನನ್ನು ಮೆಲ್ಲಗೆ ಕಾರಿನ ಹತ್ತಿರ ಕರೆದೊಯ್ದ. "ಬಾವ, ನಮಗೂ ಸ್ವಲ್ಪ ಸಹಾಯ ಬೇಕಿತ್ತು."

ಆಹಾ! ನನ್ನ ಎದೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದಂತೆ ಉಬ್ಬಿತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಎಂತಕ್ಕೂ ಹೆದರಬೇಡ ಮಾರಾಯ! ನಿಮ್ಮಿಬ್ಬರನ್ನೂ ಎದುರು ಕೂರಿಸಿ ನಾನೇ..."

"ನೀವು ಬೇಡ ಬಾವ! ಆ ಮೇಡಂ ನಂಬರ್ ಕೊಡಿ. ನಿಮ್ಮ ಬಾಯಿಯನ್ನೇ ಮುಚ್ಚಿಸಿದವರಿಗೆ ನನ್ನದು ಯಾವ ಲೆಕ್ಕ!"