ಕೀಯೂ ಇಲ್ಲ, ಬ್ಯಾಟರಿಯೂ ಇಲ್ಲ

ಕೆಲವರ ಮನೆಗೆ ನಾಯಿಮರಿ ಬಂದ ಮೇಲೆ ದಿನಕ್ಕೊಂದು ಕಥೆ ಹುಟ್ಟುತ್ತದೆ. ನನಗೆ ಈ ವಾಚು ಬಂದ ಮೇಲೆ ಹಾಗಾಗಿದೆ.

ನಾನು ಮಧುಗಿರಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ಟರ್. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ಶಾಲೆಗೆ ಒಂದೇ ಒಂದು ನಿಮಿಷವೂ ತಡವಾಗಿ ಹೋದವನಲ್ಲ. ನಾನು ಸಂಪಾದಿಸಿದ್ದು ಈ ಹೆಸರೊಂದೇ. ನಿವೃತ್ತಿಗೆ ಇನ್ನೆರಡು ವರ್ಷ, ಅಲ್ಲಿಯವರೆಗೆ ಅದನ್ನು ಕಾಪಾಡಿಕೊಂಡರೆ ಸಾಕು. ಹಳೆ ವಾಚು ಹಿಂದೆ ಬೀಳತೊಡಗಿದ ಕೂಡಲೇ ಬೆಂಗಳೂರಿಗೆ ಹೋಗಿ ಒಂದು ದುಬಾರಿ ಆಟೋಮ್ಯಾಟಿಕ್ ವಾಚು ತಂದೆ.

೧. ಮೊದಲ ಎರಡು ದಿನ

ಹೆಂಡತಿ ಬೆಲೆ ಕೇಳಿದಳು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದಳು.

ಆಮೇಲೆ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ವಾಚನ್ನು ಕಿವಿಗೆ ಹಿಡಿದರೆ ದೂರದಲ್ಲೆಲ್ಲೋ ಸಣ್ಣ ತೊರೆಯೊಂದು ಕಲ್ಲುಗಳ ಮೇಲೆ ಹರಿದಂಥ ಸದ್ದು. ಅಂಥ ಸೂಕ್ಷ್ಮವಾದ ಸದ್ದು ಕೇಳಬೇಕಾದರೆ ಮನೆ ಹಾಗೇ ಇರಬೇಕು.

೨. ಶಿರಾದ ರಿಪೇರಿಯವರು

ಚೈನು ಸಡಿಲವಾಗಿತ್ತು. ಶಿರಾದಲ್ಲಿ ಮಸೀದಿ ಕಡೆಯ ರಸ್ತೆಯಲ್ಲಿ ಒಬ್ಬ ಮುದುಕರು ವಾಚು ರಿಪೇರಿ ಮಾಡುತ್ತಾರೆ, ಅವರಲ್ಲಿಗೆ ಒಯ್ದೆ. ವಾಚಿನ ಹಿಂಭಾಗಕ್ಕೂ ಗಾಜಿದೆ. ಒಳಗೆ ಒಂದು ಪುಟ್ಟ ಚಕ್ರ ಹಕ್ಕಿಮರಿಯ ಎದೆಯಂತೆ ಬಡಿದುಕೊಳ್ಳುತ್ತಿರುತ್ತದೆ. ಅವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೋಡಿದರು. ನೋಡುತ್ತಲೇ ಇದ್ದರು. ಹಿಂದೆ ನಿಂತ ಗಿರಾಕಿಗಳು ಗೊಣಗಿದರೂ ತಲೆ ಎತ್ತಲಿಲ್ಲ.

“ಕ್ಯಾ ಚೀಜ್ ಹೈ ಸಾಬ್. ಇದು ಓಡ್ತಿಲ್ಲ, ಉಸಿರಾಡ್ತೈತೆ,” ಎಂದರು ಕೊನೆಗೆ. “ಕೀ ಬ್ಯಾಡ, ಬ್ಯಾಟ್ರಿ ಬ್ಯಾಡ. ಕೈ ಆಡ್ತಾ ಇದ್ರೆ ಅದೇ ಅದಕ್ಕೆ ಖಾನಾ. ತಮ್ದು ಏನು ಕೆಲ್ಸ ಸಾಬ್?”

“ಹೆಡ್‌ಮಾಸ್ಟರ್.”

ಅವರು ಭೂತಗಾಜು ತೆಗೆದು ನನ್ನನ್ನು ಮರುಕದಿಂದ ನೋಡಿದರು. “ಅಂಗಾದ್ರೆ ನಿಂತೋಗ್ತೈತೆ.”

೩. ಕೊರಟಗೆರೆ ಬಸ್ಸು

ನಿಂತರೆ ನನ್ನ ಹೆಸರಿನ ಗತಿಯೇನು? ಅಂದಿನಿಂದ ಎಡಗೈ ಬೀಸಿಕೊಂಡು ನಡೆಯಲು ಶುರುಮಾಡಿದೆ. ಮಕ್ಕಳ ನಮಸ್ಕಾರಕ್ಕೂ ಗೋಣಾಡಿಸಿ ಸುಮ್ಮನಾಗುತ್ತಿದ್ದ ನಾನು, ಈಗ ದಾರಿಯುದ್ದಕ್ಕೂ ಕೈ ಆಡಿಸುತ್ತಿದ್ದೆ. ಪರಿಚಯವೇ ಇಲ್ಲದವರೂ ತಿರುಗಿ ಕೈ ಬೀಸತೊಡಗಿದರು.

ಒಂದು ಸಂಜೆ ಬಿಸಿಲು ಬಂಗಾರದ ಬಣ್ಣಕ್ಕೆ ತಿರುಗಿತ್ತು. ರಸ್ತೆಯ ಅಂಚಿನಲ್ಲಿ ಏನೋ ಕನಸು ಕಾಣುತ್ತ, ಕೈ ಬೀಸುತ್ತ ನಡೆದಿದ್ದೆ. ಕೊರಟಗೆರೆ ಬಸ್ಸು ಬಂದು ಪಕ್ಕದಲ್ಲೇ ಗಕ್ಕನೆ ನಿಂತಿತು.

“ಅತ್ಕಳಿ ಸಾ,” ಎಂದ ಕಂಡಕ್ಟರ್.

“ನಾನು ಬರುವವನಲ್ಲ.”

“ಮತ್ಯಾಕೆ ಕೈ ಅಡ್ಡ ಆಕುದ್ರಿ?”

ನಿಜವನ್ನೇ ಹೇಳಿದೆ. ಅವನು ತುಸು ಯೋಚಿಸಿ ಡ್ರೈವರನಿಗೆ ಕೂಗಿ ಹೇಳಿದ: “ರೈಟ್ ಬುಡಣ್ಣ. ಮೇಷ್ಟ್ರು ವಾಕಿಂಗ್ ಬಂದಿಲ್ವಂತೆ, ವಾಚ್‌ನ ಕರ್ಕಂಡು ಬಂದವ್ರಂತೆ.”

೪. ಬಲಸಮುದ್ರದ ಯಜಮಾನರು

ನಮ್ಮ ಶಾಲೆಯ ಒಬ್ಬ ಮೇಷ್ಟ್ರ ಗೃಹಪ್ರವೇಶಕ್ಕೆ ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ ಹೋಗಿದ್ದೆ. ಊರ ಹೊರಗೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಲೇಟುಗಳು, ನೀಲಿ ಕೆರೆಯೊಂದು ಅಲೆಯಿಲ್ಲದೆ ಮಲಗಿದ ಹಾಗೆ. ಅದನ್ನು ನೋಡುತ್ತ ಚಪ್ಪರದಡಿ ಕೂತು ಕೈ ಆಡಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬ ಯಜಮಾನರು. ಜಮೀನನ್ನು ಆ ಪ್ಲೇಟುಗಳಿಗೇ ಗುತ್ತಿಗೆ ಕೊಟ್ಟವರು.

“ಬ್ಯಾಟ್ರಿ ಲೇದಾ ಸಾರೂ?” ಎಂದರು ನನ್ನ ವಾಚಿನತ್ತ ನೋಡಿ.

“ಇಲ್ಲ.”

“ಕೀ?”

“ಅದೂ ಬೇಡ.”

“ಅಂಗಾದ್ರೆ ನಮ್ ಪೈಕಿನೇ. ಬಿಸ್ಲಿಗೆ ಇಡೀರಿ, ಓಡ್ತದೆ.”

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತ ಭೌತಶಾಸ್ತ್ರವನ್ನೆಲ್ಲ ಕನ್ನಡಕ್ಕೆ ತಂದು, ಅದು ಬಿಸಿಲಿನಿಂದಲ್ಲ, ಕೈಯ ಚಲನೆಯಿಂದ ಓಡುತ್ತದೆ ಎಂದು ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

“ನಾವು ಓದಿಲ್ಲ. ಪ್ಲೇಟ್ ಆಕ್ಸಿ ಸುಮ್ನೆ ಕೂತ್ಕಂಡ್ವಿ, ಅದೇ ನಮ್ಗೆ ದುಡೀತದೆ. ನೀವು ಅಷ್ಟು ಓದಿ, ಒಂದು ಗಡಿಯಾರುಕ್ಕೆ ಕೂಲಿ ಮಾಡ್ತಿದೀರಲ್ಲ ಸಾರೂ.”

೫. ಗೇಟಿನ ಹೊರಗೆ

ಕಳೆದ ತಿಂಗಳು ಒಂದು ಬೆಳಿಗ್ಗೆ ಬೇಗನೇ ಹೊರಟಿದ್ದೆ. ಬೆಟ್ಟದ ಬಂಡೆಗೆ ಆಗಷ್ಟೇ ಬಿಸಿಲು ತಾಗಿತ್ತು. ಸಮಯವಿದೆಯಲ್ಲ ಎಂದು ಶಾಲೆಗೆ ಸ್ವಲ್ಪ ದೂರದ ಕಲ್ಲುಬೆಂಚಿನ ಮೇಲೆ ಕೂತು ವಾಚು ನೋಡಿದೆ. ಇದರ ಸೆಕೆಂಡಿನ ಮುಳ್ಳು ಹಾರಿ ಹಾರಿ ಹೋಗುವುದಿಲ್ಲ. ನೀರಿನ ಮೇಲೆ ಎಲೆ ತೇಲಿದಂತೆ ತೇಲುತ್ತದೆ. ಒಂದು ಸುತ್ತು ನೋಡಿದೆ. ಇನ್ನೊಂದು ನೋಡಿದೆ. ಗಂಟೆ ನಿಮಿಷಗಳ ಲೆಕ್ಕವೆಲ್ಲ ಕರಗಿ, ಮುಳ್ಳಿನ ಜೊತೆ ನಾನೂ ತೇಲುತ್ತಿದ್ದೆ.

ಎಲ್ಲಿಂದಲೋ ಮಕ್ಕಳ ಪ್ರಾರ್ಥನೆ ಇಂಪಾಗಿ ಕೇಳಿಬಂತು. ಯಾವುದೋ ಶಾಲೆ ಎಷ್ಟು ಸರಿಯಾಗಿ ಸಮಯ ಪಾಲಿಸುತ್ತಿದೆ ಎಂದು ಮೆಚ್ಚಿಕೊಂಡೆ. ಎರಡನೇ ಚರಣಕ್ಕೆ ಹೊಳೆಯಿತು, ಅದು ನನ್ನದೇ ಶಾಲೆ.

ಓಡಿದೆ. ಗೇಟು ಹಾಕಿತ್ತು. ಪ್ರಾರ್ಥನೆ ಮುಗಿಯುವವರೆಗೆ ಯಾರಿಗೂ ತೆರೆಯಕೂಡದು, ತಡವಾದವರು ಹೊರಗೆ ಸಾಲಾಗಿ ನಿಂತು, ಆಮೇಲೆ ಕಾರಣ ಹೇಳಿ ಒಳಗೆ ಬರಬೇಕು: ನಾನೇ ಮಾಡಿದ ನಿಯಮ. ಕೂಗಿದ್ದರೆ ಜವಾನ ತೆರೆಯುತ್ತಿದ್ದ. ಕೂಗಲಿಲ್ಲ. ಇಪ್ಪತ್ತಾರು ವರ್ಷದ ಹೆಸರು ಅಲ್ಲಿಗೆ ಮುಗಿಯಿತು. ನಿಯಮವಾದರೂ ಉಳಿಯಲಿ ಎಂದು ಸಾಲಿನ ಕೊನೆಯಲ್ಲಿ ನಿಂತೆ. ವಾಚು ಮಾತ್ರ ಒಂದು ಸೆಕೆಂಡೂ ತಪ್ಪದೆ ನಡೆಯುತ್ತಿತ್ತು.

ಐದು ಮಕ್ಕಳು ನನ್ನನ್ನು ಕಂಡು ನೆಲ ನೋಡತೊಡಗಿದರು. ಆರನೆಯವಳು ಹಿಂದಿನ ದಿನ ತಾನೇ ಗೌಡಗೆರೆ ಕಡೆಯಿಂದ ಬಂದು ಎಂಟನೇ ತರಗತಿಗೆ ಸೇರಿದ ಹುಡುಗಿ. ನನ್ನ ಮುಖ ನೋಡಿರಲಿಲ್ಲ. ಹತ್ತಿರ ಸರಿದು ಪಿಸುಗುಟ್ಟಿದಳು:

“ಸಾ, ನೀವೂ ಲೇಟಾ?”

“ಹೌದಮ್ಮ.”

“ಯಾಕೆ?”

“ವಾಚು ನೋಡ್ತಾ ಕೂತಿದ್ದೆ, ಟೈಮ್ ಗೊತ್ತಾಗಲಿಲ್ಲ.”

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

“ಅಂಗನ್ಬ್ಯಾಡಿ ಸಾ, ಹೆಡ್ಮಾಸ್ಟ್ರು ಬಾಳ ಕೆಟ್ಟೋರಂತೆ, ನಂಬಲ್ಲ. ಹೊಟ್ಟೆನೋವು ಅನ್ನಿ. ನಾನೂ ಅದ್ನೇ ಅನ್ನೋದು.”