ಭರಣಿಯಲ್ಲಿದ್ದ ನೀಲಿ ಹರಳು

ಒಂದೇ ಒಂದು ಕೆಲಸ ಚೆನ್ನಾಗಿ ಬಲ್ಲವನಿಗೆ ಉಳಿದದ್ದೆಲ್ಲವೂ ಗೊತ್ತಿದೆ ಎಂಬ ಭ್ರಮೆ ಬಹಳ ಬೇಗ ಹಿಡಿಯುತ್ತದೆ. ನನಗೆ ಬರುವ ಒಂದು ಕೆಲಸವೆಂದರೆ ಬೋರ್ಡೋ ಬೆರೆಸುವುದು. ಕಾಫಿಗೂ ಮೆಣಸಿನ ಬಳ್ಳಿಗೂ ರೋಗ ಬಾರದಂತೆ ಹೊಡೆಯುವ ನೀಲಿ ಔಷಧಿ ಅದು. ಮೈಲುತುತ್ತ ಎಂಬ ತಾಮ್ರದ ನೀಲಿ ಉಪ್ಪನ್ನು ಬೇರೆ ಕರಗಿಸಿ, ಸುಣ್ಣವನ್ನು ಬೇರೆ ಕದಡಿ, ಎರಡನ್ನೂ ಡ್ರಮ್ಮಿನಲ್ಲಿ ಸೇರಿಸಿ, ಕೊನೆಗೆ ಕಬ್ಬಿಣದ ಚೂರಿಯ ತುದಿಯನ್ನು ಅದ್ದಿ ನೋಡಬೇಕು. ಚೂರಿ ಕೆಂಪಗಾದರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಚೂರಿ ಹಾಗೇ ಬಂದರೆ ಹೊಡೆಯಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಗಾಳಿಬೀಡಿನ ಸುತ್ತ ನಾಲ್ಕು ತೋಟದವರು ಇದಕ್ಕಾಗಿ ಕರೆಯುತ್ತಾರೆ. ಚೂರಿ ಅದ್ದುವಾಗ ನಾನು ಮಾತಾಡುವುದಿಲ್ಲ. ಡಾಕ್ಟರು ನಾಡಿ ಹಿಡಿದಾಗ ಮಾತಾಡುತ್ತಾರೆಯೇ?

ನನ್ನ ತಂಗಿ ಲಿಖಿತಾ ಒಂಬತ್ತನೇ ಕ್ಲಾಸು. ಈ ವರ್ಷ ಅವಳಿಗೆ ರಸಾಯನಶಾಸ್ತ್ರದ ಪಾಠಗಳು ಶುರುವಾದವು. ಅಲ್ಲಿ ಕಲಿತದ್ದನ್ನೆಲ್ಲ ಸಂಜೆ ನನಗೆ ಹೇಳಿಕೊಡುವುದು ಅವಳ ಚಟ. ಪರಮಾಣು, ಅಣು, ಮಿಶ್ರಣ, ಸಂಯುಕ್ತ. ನಾನು ಹಲಸಿನ ಬೀಜ ಸುಲಿಯುತ್ತಾ ಕೇಳುತ್ತಿದ್ದೆ.

“ಹರಳಿನ ಒಳಗೆ ಕಣಗಳೆಲ್ಲ ಸಾಲಾಗಿ ನಿಂತಿರ್ತವೆ ಅಣ್ಣ.”

“ಬೆಳಿಗ್ಗೆ ತೋಟದ ರೈಟರ್ ಹಾಜರಿಗೆ ಹೆಸರು ಕೂಗುವಾಗ ಲೈನ್‌ಮನೆ ಆಳುಗಳು ನಿಂತ ಹಾಗಾ?”

“ಅದಕ್ಕಿಂತ ನೆಟ್ಟಗೆ. ಇಲ್ಲಿ ಯಾರೂ ಬೀಡಿ ಸೇದೋಕೆ ಪಕ್ಕಕ್ಕೆ ಹೋಗಲ್ಲ.”

ಅವಳು ಒಂದು ಹರಳನ್ನು ತಾನೇ ಬೆಳೆಸುತ್ತಿದ್ದಳು. ಮಡಿಕೇರಿಯಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳ ಶಾಲೆಯಿಂದ ಆಯ್ಕೆಯಾದದ್ದು ಅವಳೊಬ್ಬಳೇ. ನನ್ನ ಮೂಟೆಯಿಂದಲೇ ಕಾಲು ಕಿಲೋ ಮೈಲುತುತ್ತ ಕೇಳಿ ಪಡೆದು, ಬಿಸಿನೀರಿನಲ್ಲಿ ಕರಗಿಸಿ, ಉಪ್ಪಿನಕಾಯಿಯ ಹಳೆಯ ಗಾಜಿನ ಭರಣಿಗೆ ತುಂಬಿದ್ದಳು. ಪೆನ್ಸಿಲಿಗೆ ದಾರ ಕಟ್ಟಿ, ದಾರದ ತುದಿಗೆ ಸಾಸಿವೆಯಷ್ಟು ಹರಳು ಕಟ್ಟಿ ಅದರೊಳಗೆ ಇಳಿಬಿಟ್ಟಿದ್ದಳು. ನೀರು ನಿಧಾನವಾಗಿ ಆವಿಯಾದಂತೆ ಹರಳು ಬೆಳೆಯಬೇಕು. ಆರು ವಾರ ಅಮ್ಮನಿಗೆ ಆ ಕಿಟಕಿಯ ಬಳಿ ಕಸ ಗುಡಿಸಲೂ ಬಿಡಲಿಲ್ಲ. ಹರಳು ಹಲಸಿನ ಬೀಜದಷ್ಟಾಯಿತು. ಅಂಥ ನೀಲಿಯನ್ನು ನಾನು ದಿನವೂ ಮುಟ್ಟುತ್ತಿದ್ದರೂ ಅದು ಅಷ್ಟು ಚೆಂದವೆಂದು ನನಗೆ ಗೊತ್ತಿರಲಿಲ್ಲ.

ಪ್ರದರ್ಶನಕ್ಕೆ ಆರು ದಿನವಿತ್ತು. ಆ ಭಾನುವಾರ ಮಳೆ ಬಿಟ್ಟಿತ್ತು. ಅಮ್ಮನೂ ಲಿಖಿತಾಳೂ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ನಾನು ನಮ್ಮ ಮೆಣಸಿಗೆ ಬೋರ್ಡೋ ಹೊಡೆಯುತ್ತಿದ್ದೆ. ಕೊನೆಯ ಡ್ರಮ್ಮಿಗೆ ಎರಡು ಹಿಡಿ ಮೈಲುತುತ್ತ ಕಡಿಮೆ ಬಿತ್ತು. ಬೆಟ್ಟದ ಕಡೆಯಿಂದ ಮೋಡ ಬರುತ್ತಿತ್ತು. ಮಡಿಕೇರಿಗೆ ಹೋಗಿ ಬರುವಷ್ಟರಲ್ಲಿ ಮಳೆ ಬಂದೇ ಬರುತ್ತದೆ. ಕಿಟಕಿಯ ಭರಣಿ ನೆನಪಾಯಿತು. ಕೊಟ್ಟದ್ದು ನಾನೇ ತಾನೆ, ಆಮೇಲೆ ಬೇರೆ ತಂದು ಕೊಟ್ಟರಾಯಿತು, ಅಂದುಕೊಂಡೆ. ಆರು ವಾರವನ್ನು ಯಾವ ಅಂಗಡಿಯಿಂದ ತರುತ್ತೇನೆ ಎಂಬುದು ಆಗ ಹೊಳೆಯಲಿಲ್ಲ. ದಾರ ಬಿಚ್ಚಿ ಹರಳನ್ನು ಕುಟ್ಟಿದೆ. ಭರಣಿಯ ನೀರನ್ನೂ ಸೇರಿಸಿ ಸುರಿದೆ. ಸುಣ್ಣ ಮೂಟೆಯ ತಳದ್ದು, ಮಳೆಗಾಲದ ಗಾಳಿಗೆ ಸತ್ವ ಕಳೆದುಕೊಂಡದ್ದು. ಚೂರಿ ಸೊಂಟದಲ್ಲೇ ಇತ್ತು. ಅಂದು ಮಾತ್ರ ನಾನದನ್ನು ಅದ್ದಲಿಲ್ಲ. ತಪ್ಪು ಮಾಡುವವನಿಗೆ ಕೆಲಸ ಬೇಗ ಮುಗಿಯಬೇಕು ಅನ್ನಿಸುತ್ತದೆ.

ಸಂಜೆ ಲಿಖಿತಾ ಬಟ್ಟೆ ಬದಲಿಸುವ ಮೊದಲೇ ಕಿಟಕಿಯ ಬಳಿ ಹೋದಳು.

“ಅಣ್ಣ, ನನ್ನ ಹರಳೆಲ್ಲಿ?”

ಅವಳು ಕಲಿಸಿದ ಪಾಠವೇ ನೆನಪಿಗೆ ಬಂತು. “ಇವತ್ತು ಬಿಸಿಲು ಜೋರಿತ್ತಲ್ಲ ಮಾರಾಯ್ತಿ, ಆವಿಯಾಗಿ ಹೋಗಿರಬೇಕು” ಅಂದೆ.

ಅವಳು ಭರಣಿಯೊಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. “ನೀರು ಆವಿಯಾಗ್ತದೆ ಅಣ್ಣ. ತುತ್ತ ಆಗಲ್ಲ. ತಳದಲ್ಲಿ ಉಳೀಬೇಕಿತ್ತು.”

ಅಷ್ಟರಲ್ಲಿ ಅಮ್ಮ, ಏನೂ ಅರಿಯದೆ, ಅಡುಗೆಮನೆಯ ಬಾಗಿಲಿಂದ ಭರಣಿ ನೋಡಿ ಕೂಗಿದಳು: “ಲಿಖಿ, ನಿನ್ನ ಭರಣಿಯನ್ನ ಯಾರು ತೊಳೆದಿಟ್ಟದ್ದು? ಫಳಫಳ ಹೊಳೀತದೆ! ಉಂಡ ತಟ್ಟೆ ತೊಳೆಯದವರಿರೋ ಮನೇಲಿ ಎಂತ ಆಶ್ಚರ್ಯ ಇದು!”

ಮನೆಯಲ್ಲಿ ಉಂಡ ತಟ್ಟೆ ತೊಳೆಯದವನು ಒಬ್ಬನೇ. ಲಿಖಿತಾ ಪೆನ್ಸಿಲನ್ನು ತೆಗೆದು ಚೀಲದಲ್ಲಿಟ್ಟುಕೊಂಡಳು. ನಾನು ಆಗಲಾದರೂ ಬಾಯಿ ಬಿಡಬಹುದಿತ್ತು. ಹಟ್ಟಿಯ ಕಡೆ ಏನೋ ಕೆಲಸವಿದೆ ಎಂದು ಎದ್ದುಹೋದೆ. ನಮ್ಮ ಹಟ್ಟಿಯಲ್ಲಿ ಹಸು ಇಲ್ಲದೆ ಎರಡು ವರ್ಷವಾಯಿತು.

ಗುರುವಾರದ ಹೊತ್ತಿಗೆ, ಕೊನೆಯ ಡ್ರಮ್ಮಿನಿಂದ ಹೊಡೆದ ಮನೆಯ ಹಿಂದಿನ ಬಳ್ಳಿಗಳ ಎಲೆಯಂಚು ಕಪ್ಪಾಗಿ ಸುಟ್ಟಿತ್ತು. ಶಾಲೆಯಿಂದ ಬಂದ ಲಿಖಿತಾ ಒಂದೊಂದೇ ಎಲೆ ತಿರುಗಿಸಿ ನೋಡಿದಳು. ಡ್ರಮ್ಮಿನ ತಳದಲ್ಲಿ ಸ್ವಲ್ಪ ಔಷಧಿ ಉಳಿದಿತ್ತು. ಕೈ ಚಾಚಿ, “ಚೂರಿ ಕೊಡು” ಅಂದಳು. ಕೊಟ್ಟೆ. ಅದ್ದಿ, ನಾನು ಕಾಯುವಷ್ಟೇ ಹೊತ್ತು ಕಾದು, ಎತ್ತಿದಳು. ಚೂರಿಯ ತುದಿ ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತ್ತು.

“ಕಬ್ಬಿಣ ತಾಮ್ರವನ್ನ ಹೊರಗೆ ಹಾಕಿದೆ. ಸುಣ್ಣ ಸಾಲದೆ ತುತ್ತ ಉಳಿದಿದೆ” ಅಂದಳು ಮೆಲ್ಲಗೆ. “ನೀನು ಬೆರೆಸಿದ್ದರಲ್ಲಿ ಯಾವತ್ತೂ ಹೀಗಾಗಿಲ್ಲ ಅಣ್ಣ. ಅಷ್ಟು ತುತ್ತ ಎಲ್ಲಿಂದ ಬಂತು?”

ನಾನು ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ಹಾಗೇ ಕೇಳಿದೆ, “ಅದನ್ನ ಮತ್ತೆ ತೆಗೆಯೋಕಾಗಲ್ವಾ?”

“ಬರೀ ನೀರಿಗೆ ಹಾಕಿದ್ರೆ ಕಾಯಿಸಿ ತೆಗೀಬಹುದಿತ್ತು. ಸುಣ್ಣ ಸೇರಿದ ಮೇಲೆ ಅದು ಬೇರೆಯೇ ವಸ್ತು.”

ಶನಿವಾರ ಪ್ರದರ್ಶನಕ್ಕೆ ಅವಳು ಖಾಲಿ ಕೈಯಲ್ಲಿ ಹೋಗಲಿಲ್ಲ. ಡ್ರಮ್ಮಿನ ತಳದ ಔಷಧಿಯನ್ನು ಒಂದು ಬಾಟಲಿಯಲ್ಲಿ, ನಾಲ್ಕು ಸುಟ್ಟ ಎಲೆಗಳನ್ನು ಒಂದು ಪೇಪರಿನಲ್ಲಿ, ನನ್ನ ಚೂರಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಳು. ನಾನೂ ಹೋಗಿ ಜನರ ಹಿಂದೆ ನಿಂತೆ. ಅವಳು ಬಂದವರಿಗೆಲ್ಲ ವಿವರಿಸುತ್ತಿದ್ದಳು: “ಒಬ್ಬರು ರೈತರು ಮಳೆ ಬರುತ್ತದೆಂದು ಅವಸರದಲ್ಲಿ ಪರೀಕ್ಷೆ ಮಾಡದೆ ಹೊಡೆದರು.” ನನ್ನನ್ನು ನೋಡಿದ ಮೇಲೂ ಅದೇ ಮಾತನ್ನೇ ಹೇಳಿದಳು. ಅಣ್ಣ ಅನ್ನಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಬಹುಮಾನ ಬೇರೆ ಯಾರಿಗೋ ಬಂತು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತು, ಚೂರಿಯನ್ನು ಕರವಸ್ತ್ರದ ಸಮೇತ ನನ್ನ ತೊಡೆಯ ಮೇಲಿಟ್ಟಳು.

“ನಾನೇ ತೆಗೆದದ್ದು” ಎಂದು ನಾನು ಇಂದಿಗೂ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿದವರು ಅವಳಿಗೆ ಹೇಳಿದರೂ ಸರಿ. ಈಗ ಕಿಟಕಿಯಲ್ಲಿ ಮತ್ತೊಂದು ಹರಳು ಬೆಳೆಯುತ್ತಿದೆ. ನಾನು ಎರಡು ಕಿಲೋ ಮೈಲುತುತ್ತವನ್ನು ಹೆಚ್ಚಿಗೆ ತಂದು ಅಟ್ಟದ ಮೇಲಿಟ್ಟಿದ್ದೇನೆ. ಲಿಖಿತಾ ಭರಣಿಗೆ ಒಂದು ಚೀಟಿ ಅಂಟಿಸಿದ್ದಾಳೆ: “ಇದು ಬೋರ್ಡೋಗೆ ಅಲ್ಲ.” ಅಕ್ಷರ ದಪ್ಪ ದಪ್ಪವಾಗಿದೆ. ಏಳನೇ ಕ್ಲಾಸಿಗೆ ಬಿಟ್ಟವನೂ ದೂರದಿಂದಲೇ ಓದುವಷ್ಟು.