ಅಕ್ಕನ ತಲೆಯ ಬೀಗಕ್ಕೆ ಅಂಟು ಮೆತ್ತಿದ್ದು ಯಾರು?

ಬೇರೆಯವರ ಮನೆಗೆ ಕಷ್ಟ ಬಂದ್ರೆ ಕಷ್ಟ ಒಂದೇ ಬರ್ತದೆ. ನಮ್ಮನೆಗೆ ಬರುವಾಗ ಮಾತ್ರ ಯಾವಾಗಲೂ ಒಂದು ನಗೆಪಾಟಲನ್ನ ಕಂಕುಳಲ್ಲಿ ಇಟ್ಕೊಂಡೇ ಬರ್ತದೆ. ನಗಬಾರದ ಹೊತ್ತಲ್ಲಿ ನಕ್ಕು ಅಮ್ಮನ ಕೈಲಿ ಬೆನ್ನಿಗೆ ಗುದ್ದಿಸ್ಕೊಳ್ಳೋದು ನನಗೆ ಊಟ ಮಾಡಿದಷ್ಟೇ ರೂಢಿ.

ನಮ್ಮದು ಹೊನ್ನವಳ್ಳಿ. ಅಪ್ಪನಿಗೆ ತೆಂಗಿನ ತೋಟ, ಅಟ್ಟದ ತುಂಬ ಕಾಯಿ, ತಿಪಟೂರಿನ ಕೊಬ್ಬರಿ ಮಾರ್ಕೆಟ್ಟು. ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಜೊತೆ ಜಗಳ ಮಾಡ್ಕೊಂಡು ಮನೇಲಿ ಕೂತವನು. ಅಕ್ಕ ತಿಪಟೂರಿಗೆ ಕಾಲೇಜಿಗೆ ಹೋಗೋಳು. ಊರಲ್ಲಿ ಯಾರ ಸೈಕಲ್ ಗಾಳಿ ಇಳಿದ್ರೂ ಅಕ್ಕನಿಗೆ ವಿಚಾರಣೆ ಬೇಕಿರಲಿಲ್ಲ. ನನ್ನ ಮುಖ ನೋಡೋಳು, ಪೊರಕೆ ಎತ್ಕೊಳೋಳು, ಬೀದಿ ತುದಿ ತನಕ ಅಟ್ಟಿಸ್ಕೊಂಡು ಬರೋಳು. ಅಲ್ಲಿ ನಿಂತು ಇಬ್ರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ನಿಜ ಹೇಳ್ಬೇಕು ಅಂದ್ರೆ, ನಾನು ಮಾಡಿದ ಅರ್ಧ ತರಲೆ ಆ ನಗುವಿಗೋಸ್ಕರವೇ.

ಅಂಥ ಅಕ್ಕ ಇದ್ದಕ್ಕಿದ್ದ ಹಂಗೆ ನಿದ್ದೆ ಬಿಟ್ಲು. ಆಮೇಲೆ ‘ಟೀವಿಯವ್ರು ನನ್ನ ಬೈತಾವ್ರೆ’ ಅಂದ್ಲು. ಕೊನೆಗೆ ಮಾತೇ ಬಿಟ್ಲು. ಎದುರಿಗೆ ಹೋಗಿ ನಿಂತ್ರೆ, ನನ್ನ ಹಿಂದಿರೋ ಗೋಡೆ ನೋಡೋಳು.

೧. ನೀರು ತೋರಿಸಿದ ಕೈ

ಬಾಯಿ ಸೊಟ್ಟಗೆ ಮಾಡ್ತಾಳೆ, ಕೈ ಎತ್ತಿದ್ರೆ ಎತ್ತಿದ ಹಂಗೇ ನಿಲ್ತದೆ. ಇಷ್ಟು ಸಾಕಾಯ್ತು. ‘ಮೈಮೇಲೆ ತಾಯಿ ಬಂದವ್ಳೆ’ ಅಂತ ಬೀದಿಯವರೆಲ್ಲ ತೀರ್ಮಾನ ಮಾಡಿದ್ರು.

ಪಕ್ಕದ ಮನೆ ಯಜಮಾನ್ರ ಬೋರ್‌ವೆಲ್ ಒಣಗಿತ್ತು. ನಮ್ಮ ಕಡೆ ನೀರು ನೋಡೋರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ತೋಟ ಸುತ್ತುತಾರೆ. ಕಾಯಿ ಎದ್ದು ನಿಂತ ಕಡೆ ನೀರು ಅಂತ ಲೆಕ್ಕ. ಯಜಮಾನ್ರು ಒಂದು ಕಾಯಿ ತಂದು ಅಕ್ಕನ ಅಂಗೈ ಮೇಲಿಟ್ಟು, ‘ಎಲ್ಲಿ ಕೊರೆಸ್ಲಿ ತಾಯೀ?’ ಅಂದ್ರು. ಕಾಯಿ ಉರುಳಿ ಬಿತ್ತು. ಕೈ ಮಾತ್ರ ಚಾಚಿದ್ದು ಚಾಚಿದ ಹಂಗೇ ನಿಂತ್ಕೊಂತು. ಯಜಮಾನ್ರು ಒಂದು ಕಣ್ಣು ಮುಚ್ಚಿ ಆ ಕೈಯ ನೇರಕ್ಕೆ ನೋಡಿದ್ರು. ಅವರು ಹೊಸದಾಗಿ ಕಟ್ಟಿಸಿದ ಕಕ್ಕಸಿನ ನಟ್ಟನಡುವಿಗೆ ತೋರಿಸ್ತಿತ್ತು.

‘ತಾಯೀ, ವಸಿ ಅತ್ಲಾಗೆ ಆಗಲ್ವಾ?’ ಅಂತ ಕೈಮುಗಿದ್ರು. ತಾಯಿ ಕದಲಲಿಲ್ಲ.

ಅಷ್ಟೊತ್ತಿಗೆ ಹಿಂದಿನ ಬೀದಿ ಗ್ಯಾರೇಜ್ ಭಾಯಿ ಬಂದು ನೋಡಿ, ‘ಕಾಯಿಲೆ ಆಗಿರೋ ಹುಡುಗೀನ ಕೂರಿಸ್ಕೊಂಡು ಇದೇನ್ರಪ್ಪ ನಿಮ್ದು ಆಟ’ ಅಂತ ತನ್ನ ವ್ಯಾನನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. ಅಕ್ಕನ್ನ ಹತ್ತಿಸಿ ಹೊರಟ್ರೆ, ಯಜಮಾನ್ರು ವ್ಯಾನಿನ ಹಿಂದೆ ಓಡಿಬಂದ್ರು: ‘ಇನ್ನೊಂದ್ಸಲ ಕೇಳಿ ಹೋಗ್ರಪ್ಪ, ಟೈಲ್ಸ್ ಹಾಕ್ಸಿಬಿಟ್ಟಿದೀನಿ!’

೨. ತಳದ ಮಾಲು

ತಿಪಟೂರಿನಲ್ಲಿ ನೋಡಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಅಲ್ಲಿ ತಲೆ ಸ್ಕ್ಯಾನಲ್ಲಿ ಏನೂ ಕಾಣಲಿಲ್ಲ. ಡಾಕ್ಟರಮ್ಮ ಅಪ್ಪನ್ನ ಕೂರಿಸಿ ಹೇಳಿದ್ರು: ‘ಮೆದುಳಿನ ಸುತ್ತ ಇರೋ ನೀರೇ ಬೆನ್ನುಮೂಳೆ ಒಳಗೂ ಇಳಿದಿರ್ತದೆ. ಅದರಲ್ಲಿ ಸ್ವಲ್ಪ ತೆಗೆದು, ರಕ್ತದ ಜೊತೆ ಟೆಸ್ಟಿಗೆ ಕಳಿಸ್ತೀವಿ. ಸ್ಯಾಂಪಲ್ ಅಷ್ಟೇ.’

ಸ್ಯಾಂಪಲ್ ಅಂದ ತಕ್ಷಣ ಅಪ್ಪ ನೆಟ್ಟಗಾದ. ಕೊಬ್ಬರಿ ಮೂಟೆ ಬಾಯಲ್ಲಿ ಬೆಳ್ಳಗಿರೋದನ್ನ ಜೋಡಿಸಿ, ಮುಗ್ಗಲು ಬಂದಿರೋದನ್ನ ಅಡಿಗೆ ತಳ್ಳೋದರಲ್ಲಿ ಅವನದು ಎತ್ತಿದ ಕೈ.

‘ಡಾಕ್ಟ್ರೇ, ಒಂದು ಮಾತು. ಬಾಯಲ್ಲಿರೋದು ಯಾವತ್ತೂ ಒಳ್ಳೇ ಮಾಲೇ. ಅದನ್ನ ನಂಬಬ್ಯಾಡಿ. ತಳದಿಂದ ತೆಗೀರಿ.’

‘ಕೆಳಗಡೆ, ಸೊಂಟದ ಹತ್ರಾನೇ ತೆಗೆಯೋದು ಯಜಮಾನ್ರೇ.’

ಅಪ್ಪ ಟವೆಲ್ ಕೊಡವಿ ಹೊರಗೆ ಬಂದು ನನ್ನ ಕಿವೀಲಿ ಹೇಳಿದ: ‘ಹುಷಾರಾದ ಹೆಣ್ಮಗಳು ಕಣ್ಲಾ. ನಮ್ಮ ಮಾರ್ಕೆಟ್ಟಿಗೆ ಬಂದ್ರೆ ಇವರಿಗೆ ಮಾತ್ರ ನಾನು ಮಾಲು ತೋರ್ಸಲ್ಲ.’

೩. ಹಲಸಿನ ಅಂಟು

ಟೆಸ್ಟು ಹೆಂಗೆ ಮಾಡ್ತಾರೆ ಅಂತ ಲ್ಯಾಬಿನ ಹುಡುಗಿಯ ತಲೆ ತಿಂದೆ. ಪಾಪ, ಕೂತು ಹೇಳಿದ್ಲು. ಮೆದುಳಿನ ಜೀವಕೋಶಗಳ ಮೇಲೆ ಸುದ್ದಿ ಒಳಗೆ ಬಿಟ್ಕೊಳ್ಳೋ ಪುಟ್ಟ ಪುಟ್ಟ ಬಾಗಿಲು ಇರ್ತವಂತೆ, ರಿಸೆಪ್ಟರ್ ಅಂತ. ರೋಗದ ಮೇಲೆ ಯುದ್ಧ ಮಾಡಬೇಕಾದ ನಮ್ಮದೇ ಪ್ರತಿಕಾಯಗಳು ಕೆಲವರಲ್ಲಿ ದಾರಿ ತಪ್ಪಿ ಆ ಬಾಗಿಲುಗಳಿಗೇ ಹೋಗಿ ಮೆತ್ಕೊಂತವೆ. ಲ್ಯಾಬಲ್ಲಿ ಅದೇ ಬಾಗಿಲು ಇರೋ ಜೀವಕೋಶಗಳನ್ನ ಗಾಜಿನ ಮೇಲೆ ಸಾಕಿರ್ತಾರೆ. ಅದರ ಮೇಲೆ ಅಕ್ಕನ ಬೆನ್ನಿನ ನೀರು ಬಿಟ್ಟು, ತೊಳೆದು, ಹೊಳೆಯೋ ಬಣ್ಣ ಹಾಕ್ತಾರೆ. ಆ ತರಲೆಗಳು ಮೆತ್ಕೊಂಡಿದ್ರೆ ಸೂಕ್ಷ್ಮದರ್ಶಕದ ಕೆಳಗೆ ಹಸಿರಾಗಿ ಮಿನುಗ್ತದೆ.

ನನಗೆ ಚೆನ್ನಾಗಿ ಅರ್ಥ ಆಯ್ತು. ಸ್ಕೂಲಿನ ಬೀಗಕ್ಕೆ ಹಲಸಿನ ಅಂಟು ಮೆತ್ತಿ ಹೆಡ್ಮಾಷ್ಟ್ರನ್ನ ಅಂಗಳದಲ್ಲಿ ನಿಲ್ಲಿಸಿದ ಅನುಭವ ನನಗಿತ್ತಲ್ಲ.

‘ಅಂದ್ರೆ ನಮ್ಮಕ್ಕ ಒಳಗೇ ಅವ್ಳಾ?’ ಅಂದೆ.

‘ಒಳಗೇ ಇದಾರೆ. ಬಾಗಿಲು ತೆಗೀತಿಲ್ಲ, ಅಷ್ಟೇ.’

ಅವತ್ತಿಂದ ಅಕ್ಕನ ಹಾಸಿಗೆ ಪಕ್ಕ ಕೂತಾಗೆಲ್ಲ ನನಗೆ ಬಾಗಿಲ ಹೊರಗೆ ಕೂತಂಗೇ ಅನ್ನಿಸೋದು. ಯಾರೂ ಇಲ್ಲದಾಗ ಅವಳ ಹಣೆ ಮೇಲೆ ಬೆರಳಲ್ಲಿ ಮೆತ್ತಗೆ ತಟ್ಟಿ, ‘ಅಕ್ಕಾ, ನಾನು ಕಣೇ’ ಅನ್ನೋನು. ಒಳಗಿಂದ ಯಾರೂ ಓಗೊಡ್ತಿರಲಿಲ್ಲ.

ರಿಪೋರ್ಟು ಬಂತು. ಹಸಿರು ಮಿನುಗಿತ್ತು. ‘ಸಿಕ್ತು ಅನ್ನೋದೇ ಒಳ್ಳೇದು, ಇದಕ್ಕೆ ಔಷಧಿ ಇದೆ’ ಅಂದ್ರು ಡಾಕ್ಟರಮ್ಮ. ಅಮ್ಮನಿಗೆ ಅರ್ಥ ಆಗ್ಲಿ ಅಂತ ನಾನು ಅಂಟಿನ ಕತೆ ಹೇಳಿದೆ. ಅಮ್ಮ ನನ್ನನ್ನ ಅಡಿಯಿಂದ ಮುಡಿ ತನಕ ನೋಡಿ, ಡಾಕ್ಟರಮ್ಮನ್ನ ಪಕ್ಕಕ್ಕೆ ಕರ್ದು ಕೇಳಿದ್ಲು: ‘ಸಣ್ಣೋರಿದ್ದಾಗ ಇಬ್ರೂ ಒಂದೇ ತಟ್ಟೇಲಿ ಉಂಡವ್ರು. ಇವನಿಂದ ಏನಾದ್ರೂ ಬಂದಿರ್ಬೌದಾ?’

೪. ಎಣ್ಣೆ

ಅಕ್ಕನ ರಕ್ತವನ್ನ ಒಂದು ಮಿಷನ್ನಿಗೆ ಹರಿಸಿ, ಆ ಪ್ರತಿಕಾಯ ತುಂಬಿದ ಹಳದಿ ನೀರನ್ನ ಬೇರೆ ಮಾಡಿ, ಉಳಿದ ರಕ್ತ ವಾಪಸ್ ಬಿಡ್ತಿದ್ರು. ಆ ಹಳದಿ ಚೀಲ ನೋಡಿ ಅಪ್ಪನಿಗೆ ತಡೀಲಿಲ್ಲ. ‘ಗಾಣದ ಎಣ್ಣೆ ಇದ್ದಂಗೈತೆ. ಇದನ್ನ ಚೆಲ್ಲೇಬಿಡ್ತೀರಾ?’

ನೋಡೋಕೆ ಬಂದಿದ್ದ ಭಾಯಿ ಅಪ್ಪನ ತೋಳು ಹಿಡಿದು ಎಳೆದ. ‘ಆಯಿಲ್ ಚೇಂಜ್ ಮಾಡಿದ್ಮೇಲೆ ಹಳೇದನ್ನ ಯಾರಾದ್ರೂ ಮನೆಗೆ ಕೇಳ್ತಾರೇನಪ್ಪ? ಬಾ ಸುಮ್ನೆ!’

೫. ರಬ್ಬರ್ ಹಲ್ಲಿ

ಅಕ್ಕನಿಗೆ ಹಲ್ಲಿ ಕಂಡ್ರೆ ಜೀವ ಹೋಗೋದು. ಒಂದು ರಬ್ಬರ್ ಹಲ್ಲಿ ತಂದು ಅವಳ ಹೊದಿಕೆ ಮೇಲಿಟ್ಟೆ. ಕಿರುಚಲಿ, ಬೈಯಲಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೀಲಿ, ಏನಾದ್ರೂ ಮಾಡ್ಲಿ ಅಂತ. ನರ್ಸಮ್ಮ ಕಿರುಚಿದ್ರು. ಪಕ್ಕದ ಬೆಡ್ಡಿನ ಅಜ್ಜಿ ಕಿರುಚಿದ್ರು. ಏನಾಯ್ತು ಅಂತ ಓಡಿಬಂದ ಸೆಕ್ಯೂರಿಟಿ ಎಲ್ಲರಿಗಿಂತ ಜೋರಾಗಿ ಕಿರುಚಿದ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಕೆಲಸ ಮಾಡಿದ ತರಲೆ ಇನ್ನೊಂದಿಲ್ಲ. ಬೇಕಾಗಿದ್ದ ಒಬ್ಳು ಮಾತ್ರ ಕಣ್ಣು ಕೂಡ ಆಡಿಸಲಿಲ್ಲ.

ನರ್ಸಮ್ಮ ನನಗೆ ಬೈದು ಹಲ್ಲಿ ಕಿತ್ಕೊಂಡು ಹೋದ್ರು. ಸ್ವಲ್ಪ ಹೊತ್ತಿಗೆ ನರ್ಸುಗಳ ರೂಮಿನಿಂದ ಇನ್ನೊಂದು ಕಿರುಚಾಟ ಕೇಳಿಸ್ತು. ಹಿಂದೆಯೇ ನಮ್ಮ ನರ್ಸಮ್ಮನ ನಗು.

೬. ಗುರುತು

ನಿಧಾನಕ್ಕೆ ಅಕ್ಕ ಕಣ್ಣು ಹೊರಳಿಸಿದ್ಲು. ನೀರು ಕೇಳಿದ್ಲು. ಒಂದು ಬೆಳಿಗ್ಗೆ ಡಾಕ್ಟರಮ್ಮ ನೆನಪು ಪರೀಕ್ಷೆ ಮಾಡಿದ್ರು. ‘ಇವರು ಯಾರು?’

‘ಅಪ್ಪ.’

‘ಇವರು?’

‘ಅಮ್ಮ.’

ನನ್ನನ್ನ ಮುಂದಕ್ಕೆ ತಳ್ಳಿದ್ರು. ‘ಇವನು?’

ಅಕ್ಕ ನೋಡಿದ್ಲು. ಈ ಸಲ ಗೋಡೆ ಅಲ್ಲ, ನನ್ನನ್ನೇ. ನೋಡಿ ನೋಡಿ, ‘ಗೊತ್ತಿಲ್ಲ’ ಅಂದ್ಲು.

ಅಮ್ಮ ಬಾಯಿಗೆ ಸೆರಗು ಇಟ್ಕೊಂಡ್ಲು. ಎಲ್ಲರನ್ನೂ ನಗಿಸಿ ಅಭ್ಯಾಸ ಇರೋ ನನಗೆ ಮುಖ ಎಲ್ಲಿಟ್ಕೋಬೇಕೋ ತಿಳೀಲಿಲ್ಲ. ಬಾಗಿಲ ಕಡೆ ತಿರುಗಿದೆ. ಹಿಂದಿಂದ ಅಕ್ಕನ ದನಿ, ಇನ್ನೂ ತೊದಲು:

‘ಗೊತ್ತು ಅಂದ್ರೆ... ಮನೆಗೆ ಕಳಿಸುವಾಗ... ಇವನನ್ನೂ ಜೊತೇಲಿ ಕೊಟ್ಟುಬಿಡ್ತೀರ ಡಾಕ್ಟ್ರೇ.’

ಇಡೀ ವಾರ್ಡು ನಕ್ತು. ಅಪ್ಪ ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡ. ನಾನು ನಕ್ಕಿದ್ದೋ ಅತ್ತಿದ್ದೋ ನನಗೇ ಗೊತ್ತಿಲ್ಲ. ಅಕ್ಕ ಆಗಲೇ ನಿದ್ದೆ ಹೋಗಿದ್ಲು.

ಮಾರನೇ ದಿನ ಅವಳಿಗೆ ಅದ್ಯಾವುದೂ ನೆನಪಿರಲಿಲ್ಲ. ಬಾಗಿಲುಗಳೆಲ್ಲ ಒಂದೇ ಸಲ ತೆಗೆಯಲ್ಲ, ತಿಂಗಳುಗಟ್ಟಲೆ ಬೇಕಾಗ್ತದೆ ಅಂದಿದ್ರು ಡಾಕ್ಟರಮ್ಮ. ನಾನು ಪಕ್ಕದಲ್ಲಿ ಕೂತು, ‘ಒಬ್ಳು ಹುಡುಗಿ ಡಾಕ್ಟ್ರಿಗೆ ಹಿಂಗಂದ್ಲು ಕಣಕ್ಕ’ ಅಂತ ಅವಳ ಮಾತನ್ನೇ ಅವಳಿಗೆ ಹೇಳಿದೆ. ಅಕ್ಕ ನಕ್ಕಳು. ಬೀದಿ ತುದೀಲಿ ನಗ್ತಿದ್ದ ಹಂಗೆ ಅಲ್ಲ, ಅದರ ತುಣುಕೊಂದು.

‘ಯಾರ್ಲಾ ಅವ್ಳು?’ ಅಂದ್ಲು. ‘ಭಾಳ ಚೆನ್ನಾಗಿ ಮಾತಾಡ್ತಾಳೆ. ಒಂದ್ಸಲ ಕರ್ಕೊಂಡು ಬಾ, ನೋಡನ.’

‘ನಾನೂ ಅವಳನ್ನೇ ಕಾಯ್ತಾ ಕೂತಿದೀನಿ. ಬತ್ತಾಳೆ, ದಾರೀಲಿ ಅವ್ಳೆ’ ಅಂದೆ.

‘ಬರ್ಲಿ,’ ಅಂತ ಅಕ್ಕ ಕಣ್ಣು ಮುಚ್ಕೊಂಡ್ಲು. ‘ಅವ್ಳು ಬಂದ್ಮೇಲೆ ನೀನು ಎದ್ದು ಹೋಗ್ಬೌದು.’